ಅಗಸಿ ಹಿಂಡಿಯೊಳಗಿನ ಲೈನ್

ಹೋದ ರವಿವಾರ ಬೆಳಿಗ್ಗೆ ವಿಜಯಪುರದ ನಮ್ಮ ಮನೆಯಲ್ಲಿ ಫ್ಯಾನ್ ಗಕ್ಕನೆ ನಿಂತಿತು. ಅಡುಗೆಮನೆಯಿಂದ ಅವ್ವ "ಲೈನ್ ಹೋತೇನೋ?" ಅಂತ ಕೂಗಿದಳು. ಪಕ್ಕದ ಮನೆ ಕಾಕಾ ಲೈನ್‌ಮನ್‌ಗೆ ಫೋನ್ ಹಚ್ಚಿದರು, ಅತ್ತ ಲೈನ್ ಬ್ಯುಸಿ. ತಮ್ಮನಿಗೆ ಪರೀಕ್ಷೆಯ ಅರ್ಜಿ ಆನ್‌ಲೈನ್‌ನಲ್ಲಿ ತುಂಬಬೇಕಿತ್ತು, ಅವತ್ತೇ ಡೆಡ್‌ಲೈನ್, ವೈಫೈ ಸತ್ತಿತ್ತು. ತಂಗಿ ಜಂಪರಿಗೆ ಲೈನಿಂಗ್ ಹಾಕಿಸಲು ಟೇಲರ್ ಹತ್ತಿರ ಹೊರಟಿದ್ದಳು. ಹೊರಗೆ ಓಣಿಯಲ್ಲಿ ಹುಡುಗರ ಜಗಳ: ಬ್ಯಾಟು ಲೈನ್ ಮುಟ್ಟಿತ್ತೋ ಇಲ್ಲವೋ. ಅರ್ಧ ತಾಸಿನಲ್ಲಿ ಒಂದೇ ಪದ ಏಳು ವೇಷ ಹಾಕಿಕೊಂಡು ಬಂತು.

ಕರೆಂಟ್ ಇಲ್ಲದಾಗ ಮಾಡೋದೇನು? ಅಡುಗೆಮನೆಯ ಹೊಸ್ತಿಲ ಮೇಲೆ ಕೂತೆ. ಅವ್ವ ಹಿಂಡಿಗೆ ಅಂತ ಹಂಚಿನ ಮೇಲೆ ಅಗಸಿ ಹುರಿಯುತ್ತಿದ್ದಳು. ಮಿಕ್ಸರ್ ನಡೆಯಲ್ಲ, ಒಳ್ಳಿನಾಗ ಕುಟ್ಟಬೇಕು ಅಂತ ಗೊಣಗುತ್ತಿದ್ದಳು. ಕಾಳು ಚಟಪಟ ಸಿಡಿಯುತ್ತಿತ್ತು. ಆಗ ಹೊಳೆಯಿತು: ಬೆಳಿಗ್ಗೆಯಿಂದ ಕೇಳಿದ ಅಷ್ಟೂ ಲೈನ್‌ಗಳ ಬೇರು ಆ ಹಂಚಿನ ಮೇಲೇ ಇದೆ.

ತಮಾಷೆ ಅಲ್ಲ. ಇಂಗ್ಲಿಷಿನ ಲೈನ್ ಹುಟ್ಟಿದ್ದು ಲ್ಯಾಟಿನ್‌ನ ಲೀನಿಯಾ ಅನ್ನೋ ಪದದಿಂದ. ಲೀನಿಯಾ ಅಂದರೆ ನಾರಿನ ದಾರ. ಆ ದಾರಕ್ಕೆ ಹೆಸರು ಕೊಟ್ಟದ್ದು ಲೀನುಮ್. ಲೀನುಮ್ ಅಂದರೆ ಅಗಸಿ ಗಿಡ. ನಾವು ಹಿಂಡಿ ಮಾಡಿ ಕಟಕ ರೊಟ್ಟಿ ಜೊತೆ ತಿನ್ನುತ್ತೀವಲ್ಲ, ಅದೇ ಗಿಡ, ಅದೇ ಜಾತಿ. ಬೆಳಗಾವಿಯಲ್ಲಿ ಮರಾಠಿ ಮಾತಾಡುವವರು ಅದನ್ನು ಜವಸ ಅಂತಾರೆ, ಹಿಂದಿಯಲ್ಲಿ ಅಲ್ಸಿ, ಸಂಸ್ಕೃತದಲ್ಲಿ ಅತಸಿ. 1753ರಲ್ಲಿ ಸ್ವೀಡನ್‌ನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಲೈನಮ್ ಯುಸಿಟಾಟಿಸಿಮಮ್ ಅಂತ ಹೆಸರಿಟ್ಟ. ಎರಡನೇ ಪದದ ಅರ್ಥ 'ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು'. (ಲಿನೇಯಸ್ ಹೆಸರಿಗೂ ಲೀನುಮ್‌ಗೂ ನಂಟು ಇದ್ದಂತೆ ಕಾಣುತ್ತದೆ, ಆದರೆ ಇಲ್ಲ. ಅವನ ಮನೆತನದ ಹೆಸರು ಲಿಂಡೆನ್ ಅನ್ನೋ ಮರದಿಂದ ಬಂದದ್ದು. ಪದಗಳ ಬೆನ್ನು ಹತ್ತಿದವರು ಇಂಥ ಕಡೆ ಆಗಾಗ ಎಡವುತ್ತಾರೆ.)

ಅಗಸಿಯಿಂದ ದಾರ ಹೇಗೆ ಅಂತ ನಮಗೆ ಅನುಮಾನ ಬರುವುದು ಸಹಜ. ನಮ್ಮ ಎರೆಹೊಲದ ಅಗಸಿ ಗಿಡ್ಡ, ಟೊಂಗೆ ಜಾಸ್ತಿ, ನಮಗೆ ಬೇಕಿರೋದು ಕಾಳು. ಹಿಂಗಾರಿಯಲ್ಲಿ ಕಡಲೆ, ಕುಸುಬಿ ನಡುವೆ ಅದರ ನೀಲಿ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಉದುರಿರುತ್ತದೆ. ಯುರೋಪಿನಲ್ಲಿ ನಾರಿಗೆ ಬೆಳೆಯುವ ಅಗಸಿಯನ್ನು ಒತ್ತೊತ್ತಾಗಿ ಬಿತ್ತುತ್ತಾರೆ. ಟೊಂಗೆ ಒಡೆಯಲು ಜಾಗ ಸಿಗದೆ ಅದು ನೇರ, ಸುಮಾರು ಒಂದು ಮೀಟರ್ ಎತ್ತರ ಬೆಳೆಯುತ್ತದೆ. ಕೊಯ್ಯೋದಿಲ್ಲ, ಬೇರು ಸಮೇತ ಕೀಳುತ್ತಾರೆ, ನಾರಿನ ಉದ್ದ ಕಡಿಮೆ ಆಗಬಾರದು ಅಂತ. ಆಮೇಲೆ ನೀರಿನಲ್ಲೋ ಇಬ್ಬನಿಯಲ್ಲೋ ಕೊಳೆಹಾಕಿ, ಒಣಗಿಸಿ, ಬಡಿದು, ಬಾಚಿ ನಾರು ತೆಗೆಯುತ್ತಾರೆ. ನಮ್ಮಲ್ಲಿ ಪುಂಡಿ ಕಟ್ಟಿಗೆ ನೀರಿಗೆ ಹಾಕಿ ನಾರು ಸುಲಿದು ಹಗ್ಗ ಹೊಸೆಯುತ್ತಿದ್ದದ್ದು ನೆನಪಿದೆಯಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಪುಂಡಿಯ ಎಲೆ ಪಲ್ಯಕ್ಕೆ, ಕಾಂಡ ಹಗ್ಗಕ್ಕೆ. ಅಗಸಿಯ ಕಾಳು ಹಿಂಡಿಗೆ, ಕಾಂಡ ದಾರಕ್ಕೆ.

ಇದು ಬಹಳ ಹಳೆಯ ದಾರ. ಜಾರ್ಜಿಯಾ ದೇಶದ ಜುಜುವಾನಾ ಗುಹೆಯಲ್ಲಿ ಸಿಕ್ಕ ಕಾಡು ಅಗಸಿಯ ನಾರಿಗೆ ಸುಮಾರು 30,000 ವರ್ಷ ಆಗಿದೆ, ಅದರಲ್ಲಿ ಕೆಲವಕ್ಕೆ ಬಣ್ಣವನ್ನೂ ಹಾಕಿದ್ದರು. ಈಜಿಪ್ಟಿನ ಮಮ್ಮಿಗಳಿಗೆ ಸುತ್ತಿದ್ದು ಇದೇ ನಾರಿನ ಬಟ್ಟೆ, ಅಂದರೆ ಲಿನನ್. ಈಗ ಬೆಳಗಾವಿಯ ಬಟ್ಟೆ ಅಂಗಡಿಯಲ್ಲಿ ಲಿನನ್ ಶರ್ಟ್ ಅಂತ ರೇಟು ಹೇಳಿದರೆ ಎದೆ ಝಲ್ ಅನ್ನುತ್ತದೆ. ಅಗಸಿ ಬಟ್ಟೆ ಅಂತ ಹೇಳಿದ್ದರೆ ಅಷ್ಟು ಕೊಡುತ್ತಿದ್ದೆವಾ?

ಸರಿ, ದಾರ ಆಯಿತು. ದಾರ ಗೆರೆ ಆದದ್ದು ಹೇಗೆ? ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಮನೆ ಕಟ್ಟುವ ಕಡೆ ಹೋಗಿ ನೋಡಿ. ಗೌಂಡಿ ಎರಡು ಗೂಟ ಹೊಡೆದು ನಡುವೆ ದಾರ ಬಿಗಿಯುತ್ತಾನೆ, ಆ ದಾರ ನೋಡಿಕೊಂಡು ಇಟ್ಟಿಗೆ ಇಡುತ್ತಾನೆ. ಬಡಿಗೇರ ಮಾವ ಹಲಗೆ ಸೀಳುವ ಮುಂಚೆ ದಾರಕ್ಕೆ ಬಣ್ಣದ ಪುಡಿ ಹಚ್ಚಿ, ಎರಡೂ ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಟಪ್ಪಂತ ಬಿಡುತ್ತಾನೆ. ದಾರ ತೆಗೆದರೆ ಹಲಗೆಯ ಮೇಲೆ ಗುರುತು ಉಳಿಯುತ್ತದೆ. ರೋಮ್‌ನ ಬಡಿಗೇರರೂ ಹೀಗೇ ಮಾಡುತ್ತಿದ್ದರು. ಆ ದಾರಕ್ಕೂ ಲೀನಿಯಾ ಅನ್ನುತ್ತಿದ್ದರು, ಅದು ಬಿಟ್ಟುಹೋದ ಗುರುತಿಗೂ ಲೀನಿಯಾ. ದಾರವನ್ನು ಸುತ್ತಿ ಚೀಲದಲ್ಲಿ ಇಟ್ಟುಕೊಂಡರು, ಹೆಸರು ಹಲಗೆಯ ಮೇಲೇ ಉಳಿಯಿತು. ಹಾಗಾಗಿ ಅಗಲವೇ ಇಲ್ಲದ ಬರೀ ಉದ್ದ ಅಂತ ಯೂಕ್ಲಿಡ್ ಹೇಳಿದ ಆ ಜಿಗುಟು ವಸ್ತುವಿಗೆ, ಅಂದರೆ ನಮ್ಮನ್ನು ಎಂಟನೇ ಇಯತ್ತೆಯಲ್ಲಿ ಕಾಡಿದ ರೇಖೆಗೆ, ಇಂಗ್ಲಿಷಿನಲ್ಲಿ ಬಡಿಗೇರನ ದಾರದ ಹೆಸರೇ ಅಂಟಿಕೊಂಡಿತು.

ನಮ್ಮ ಕಡೆಯೂ ಇದೇ ಆಗಿದೆ. ಸೂತ್ರ ಅಂದರೆ ಮೊದಲು ದಾರ, ಮಂಗಳಸೂತ್ರದಲ್ಲಿ ಇನ್ನೂ ದಾರವೇ. ಗಣಿತಕ್ಕೆ ಬಂದಾಗ ಅದೇ ಸೂತ್ರ ನಿಯಮ ಆಗುತ್ತದೆ. ಬೆಳಗಾವಿ ಕಡೆ ಸುತಾರ ಅನ್ನೋ ಅಡ್ಡಹೆಸರು ಎಷ್ಟು ಜನಕ್ಕಿದೆ ನೋಡಿ. ಮರಾಠಿಯಲ್ಲಿ ಸುತಾರ ಅಂದರೆ ಬಡಿಗೇರ, ಅದರೊಳಗೆ ಕೂತಿರುವುದೂ ಸೂತ್ರವೇ. ರೋಮ್‌ನವನ ಕೈಯಲ್ಲಿ ದಾರ, ಇವನ ಕೈಯಲ್ಲೂ ದಾರ.

ಇಂಗ್ಲಿಷಿಗೆ ಈ ಪದ ಎರಡು ದಾರಿಯಲ್ಲಿ ಬಂತು. ಹಗ್ಗ ಅನ್ನೋ ಅರ್ಥದಲ್ಲಿ ಹಳೆಯ ಇಂಗ್ಲಿಷಿನಲ್ಲೇ ಇತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚಿನಿಂದ ಗೆರೆ, ಸಾಲು ಅನ್ನೋ ಅರ್ಥ ಹೊತ್ತು ಅದರ ದಾಯಾದಿ ಬಂತು. ಇಬ್ಬರೂ ಒಂದೇ ಅಜ್ಜಿಯ ಮೊಮ್ಮಕ್ಕಳು, ಸೇರಿಕೊಂಡು ಒಂದೇ ಪದ ಆದರು. ಅದಕ್ಕೇ ಇವತ್ತಿಗೂ ಬಟ್ಟೆ ಒಣಹಾಕುವ ಹಗ್ಗವೂ ಲೈನ್, ಮೀನಿನ ಗಾಳದ ದಾರವೂ ಲೈನ್, ನೋಟ್‌ಬುಕ್ಕಿನ ಗೆರೆಯೂ ಲೈನ್.

ಗೆರೆ ಸಿಕ್ಕ ಮೇಲೆ ಉಳಿದದ್ದು ಸಲೀಸು. ಗೆರೆಯ ಮೇಲೆ ನಿಲ್ಲಿಸಿದ ಜನ ಲೈನ್. ಗೆರೆಯ ಮೇಲೆ ಬರೆದ ಅಕ್ಷರ ಲೈನ್, ಪುಟದ ತಲೆಯ ಮೇಲಿನದು ಹೆಡ್‌ಲೈನ್. ತಾತ, ಮಗ, ಮೊಮ್ಮಗ ಅಂತ ಇಳಿದು ಬಂದರೆ ಅದೂ ಲೈನ್. ಹಡಗಿನವರಿಗೆ ಸಮಭಾಜಕವೃತ್ತವೇ ಲೈನ್, ಅದನ್ನು ಮೊದಲ ಸಲ ದಾಟಿದವನಿಗೆ ಹಡಗಿನ ಮೇಲೆ ನೀರು ಸುರಿದು ಗೋಳು ಹೊಯ್ದುಕೊಳ್ಳುವ ಪದ್ಧತಿಯೇ ಇದೆ. ದಂಡಿನಲ್ಲಿ ಸಿಪಾಯಿಗಳ ಸಾಲು ಲೈನ್. ಬ್ರಿಟಿಷರ ಕಾಲದ ಇಂಡಿಯಾದಲ್ಲಿ ಸಿಪಾಯಿಗಳಿಗೆ ಸಾಲಾಗಿ ಕಟ್ಟಿಸಿದ ಗುಡಿಸಲುಗಳಿಗೂ ಲೈನ್ಸ್ ಅಂತ ಹೆಸರು ಬಿತ್ತು. ನಮ್ಮ ಊರುಗಳ ಪೊಲೀಸ್ ಲೈನ್ ಆ ಲೆಕ್ಕದ್ದೇ. 1818ರಲ್ಲಿ ಬ್ರಿಟಿಷರ ಕೈಗೆ ಕೋಟೆ ಹೋದ ಮೇಲೆ ಬೆಳಗಾವಿಯಲ್ಲಿ ದಂಡು ತಳ ಊರಿತು. ಈಗಲೂ ಆ ಭಾಗಕ್ಕೆ ಕ್ಯಾಂಪ್ ಅಂತಲೇ ಅನ್ನುತ್ತಾರೆ. ದಂಡು ಇದ್ದಲ್ಲೆಲ್ಲಾ ಇಂಥ ಪದಗಳು ಜನರ ಬಾಯಿಗೆ ಬಿದ್ದವು.

ಟಿಕೆಟಿಗೆ ನಿಲ್ಲುವ ಸಾಲಿಗೆ ಅಮೆರಿಕದವರು ಲೈನ್ ಅಂದರೆ ಇಂಗ್ಲೆಂಡಿನವರು ಕ್ಯೂ ಅನ್ನುತ್ತಾರೆ. ಕ್ಯೂ ಅಂದರೆ ಫ್ರೆಂಚಿನಲ್ಲಿ ಬಾಲ. ಉದ್ದ ಪಾಳಿ ನೋಡಿದರೆ ನಾವು ಹನುಮಂತನ ಬಾಲ ಅನ್ನಲ್ವಾ, ಪ್ಯಾರಿಸ್‌ನವನ ತಲೆಯೂ ಅತ್ತಲೇ ಓಡಿತ್ತು ಅನಿಸುತ್ತದೆ.

ಆಮೇಲೆ ರೈಲು. ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರ ದಾಟಿ ಹೊಟಗಿಗೆ ಹೋಗುವ ಲೈನ್ ಹಾಕಿದ್ದು ಸದರ್ನ್ ಮರಾಠಾ ರೈಲ್ವೆ, 1880ರ ದಶಕದಲ್ಲಿ, ಆಗ ಮೀಟರ್ ಗೇಜ್. ಹಳಿ ಕಂಡವರಿಗೆ ಅದು ನೆಲದ ಮೇಲೆ ಎಳೆದ ಗೆರೆಯಂತೆಯೇ ಕಂಡಿರಬೇಕು. ತಂತಿ ಬಂದಾಗ ಮಾತ್ರ ಒಂದು ಮಜಾ ನಡೆಯಿತು. ಟೆಲಿಗ್ರಾಫಿಗೆ, ಫೋನಿಗೆ, ಕರೆಂಟಿಗೆ ಕಂಬದಿಂದ ಕಂಬಕ್ಕೆ ಎಳೆದದ್ದು ಮತ್ತೆ ದಾರವೇ, ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ ದಾರ. ಎರಡು ಸಾವಿರ ವರ್ಷ ಸುತ್ತಾಡಿ ಪದ ತನ್ನ ತವರಿಗೆ ಬಂದು ಕೂತಿತು.

ಅದನ್ನು ನಾವು ಅಲ್ಲಿಗೂ ಬಿಡಲಿಲ್ಲ. "ಲೈನ್ ಹೋತು" ಅಂದರೆ ತಂತಿ ಎಲ್ಲಿಗೂ ಹೋಗಿರೋದಿಲ್ಲ, ಕಂಬದ ಮೇಲೇ ಇರುತ್ತದೆ, ಕಾಗೆಯೂ ಕೂತಿರುತ್ತದೆ. ಹೋಗಿರೋದು ಅದರೊಳಗಿನ ಕರೆಂಟ್. ಊರೆಲ್ಲಾ ಜಾತ್ರೆಗೆ ಹೋಯಿತು ಅಂದರೆ ಮನೆ, ಗುಡಿ, ಬಾವಿ ಹೋದವು ಅಂತ ಯಾರೂ ತಿಳಿಯಲ್ಲ. ಹಾಗೇ ತಂತಿಯ ಹೆಸರನ್ನು ಅದರೊಳಗೆ ಹರಿಯುವುದಕ್ಕೆ ಕೊಟ್ಟುಬಿಟ್ಟೆವು. ಈ ಮಾತನ್ನು ಇಂಗ್ಲಿಷಿನವನ ಮುಂದೆ ಇಂಗ್ಲಿಷಿನಲ್ಲಿ ಹೇಳಿ ನೋಡಿ, ಅವನು ಮಿಕಿಮಿಕಿ ನೋಡುತ್ತಾನೆ. ಈ ಅರ್ಥ ನಮ್ಮದು, ನಮ್ಮ ನೆಲದ್ದು. ಹುಡುಗಿಗೆ ಲೈನ್ ಹೊಡೆಯೋದೂ ಅಷ್ಟೇ. ಅಲ್ಲಿಯವರು ಬಾಯಿಪಾಠ ಮಾಡಿದ ಸಿಹಿ ಮಾತಿಗೆ ಲೈನ್ ಅಂತಾರೆ, ಹೊಡೆಯೋದು ನಾವು.

ಕೆಲಸಕ್ಕೂ ಲೈನ್ ಅನ್ನುತ್ತೀವಿ. "ಅಂವಾ ಯಾವ ಲೈನ್‌ದಾಗ ಅದಾನ್ರಿ?" ಅಂತ ಕೇಳಿದರೆ "ಟ್ರಾನ್ಸ್‌ಪೋರ್ಟ್ ಲೈನ್" ಅಂತ ಉತ್ತರ ಬರುತ್ತದೆ. ಈ ಅರ್ಥದ ಹಿಂದೆ ಒಂದು ತಪ್ಪು ಓದು ಇರಬಹುದು ಅಂತ ನಿಘಂಟು ಮಾಡಿದವರ ಊಹೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಸಂತ ಪೌಲನ ಪತ್ರವೊಂದರಲ್ಲಿ 'ಇನ್ನೊಬ್ಬನ ಲೈನ್' ಅಂತ ಬರುತ್ತದೆ. ಗ್ರೀಕ್ ಮೂಲದಲ್ಲಿ ಅಲ್ಲಿದ್ದ ಪದಕ್ಕೆ ಅಳತೆಕೋಲು ಅಂತ ಅರ್ಥ, ಅಂದರೆ ಒಬ್ಬೊಬ್ಬನಿಗೆ ಅಳೆದು ಕೊಟ್ಟ ಹದ್ದು. ಓದಿದ ಜನ ಅದನ್ನು ಅವನವನ ಕಸುಬು ಅಂತ ತಿಳಿದರು. ಅದೇ ನಿಂತಿತು.

ಡೆಡ್‌ಲೈನ್ ಕಥೆ ಇಷ್ಟು ಸೌಮ್ಯ ಅಲ್ಲ. ಅಮೆರಿಕದಲ್ಲಿ ಉತ್ತರ, ದಕ್ಷಿಣ ರಾಜ್ಯಗಳ ಯುದ್ಧ ನಡೆದಾಗ, 1864ರಲ್ಲಿ, ಜಾರ್ಜಿಯಾ ರಾಜ್ಯದ ಆ್ಯಂಡರ್ಸನ್‌ವಿಲ್ ಅನ್ನೋ ಕಡೆ ಸೆರೆಸಿಕ್ಕ ಸಿಪಾಯಿಗಳನ್ನು ಬಯಲಿನಲ್ಲಿ ಕೂಡಿಹಾಕಿದ್ದರು. ಸುತ್ತ ಮರದ ದಿಮ್ಮಿಗಳ ಗೋಡೆ. ಗೋಡೆಯಿಂದ ಕೆಲವು ಅಡಿ ಒಳಗೆ ಗಿಡ್ಡನೆಯ ಒಂದು ಬೇಲಿ. ಅದರ ಹೆಸರೇ ಡೆಡ್‌ಲೈನ್. ದಾಟಿದರೆ, ಕೆಲವೊಮ್ಮೆ ಮುಟ್ಟಿದರೂ ಸಾಕು, ಮೇಲಿನ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಹದಿನಾಲ್ಕು ತಿಂಗಳಲ್ಲಿ ಅಲ್ಲಿಗೆ ತಂದ ಸುಮಾರು 45,000 ಜನರಲ್ಲಿ ಸುಮಾರು 13,000 ಜನ ಸತ್ತರು. ಜಾಸ್ತಿ ಜನ ಸತ್ತದ್ದು ಗುಂಡಿಗಲ್ಲ, ಹಸಿವಿಗೆ, ಕೊಳಕು ನೀರಿಗೆ, ರೋಗಕ್ಕೆ. ಯುದ್ಧ ಮುಗಿದ ಮೇಲೆ ಅದರ ಅಧಿಕಾರಿ ಹೆನ್ರಿ ವಿರ್ಜ್‌ನನ್ನು 1865ರ ನವೆಂಬರಿನಲ್ಲಿ ಗಲ್ಲಿಗೆ ಹಾಕಿದರು. ವಿಚಾರಣೆಯ ಸುದ್ದಿಯಿಂದ ಪದ ದೇಶಕ್ಕೆಲ್ಲಾ ಗೊತ್ತಾಯಿತು. 1920ರ ಹೊತ್ತಿಗೆ ಪತ್ರಿಕೆಯವರು ಸುದ್ದಿ ಕೊಡಬೇಕಾದ ಕೊನೆಯ ವೇಳೆಗೆ ಅದನ್ನು ಬಳಸುತ್ತಿದ್ದರು. ಇವತ್ತು ಪರೀಕ್ಷೆ ಅರ್ಜಿಗೆ ಬಂದು ನಿಂತಿದೆ. ತಮ್ಮನಿಗೆ ಇದನ್ನು ಹೇಳಿದೆ, "ಸರ್ವರ್ ಡೌನ್ ಆದ್ರ ಗುಂಡು ಹೊಡದಂಗ ಆಗ್ತದ" ಅಂದ.

ತಂಗಿಯ ಲೈನಿಂಗ್‌ಗೆ ಬರೋಣ. ಇಲ್ಲಿ ನಾನೂ ಮೋಸ ಹೋಗಿದ್ದೆ. ಒಳಗೆ ಗೆರೆಗೆರೆಯಾಗಿ ಹೊಲಿಯುತ್ತಾರೆ, ಅದಕ್ಕೆ ಲೈನಿಂಗ್ ಅಂದುಕೊಂಡಿದ್ದೆ. ಗೆರೆಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಬೆಲೆಬಾಳುವ ಬಟ್ಟೆಯ ಒಳಗೆ, ಮೈಗೆ ತಾಗುವ ಕಡೆ, ತೆಳ್ಳನೆಯ ಅಗಸಿ ಬಟ್ಟೆ ಕೊಡುತ್ತಿದ್ದರು. ಲಿನನ್ ಕೊಟ್ಟು ಹೊಲಿದದ್ದಕ್ಕೆ ಲೈನಿಂಗ್, ನಮ್ಮ ಅಸ್ತರ. ಈಗ ಕಾಟನ್ ಹಾಕಿದರೂ ಅದೇ ಹೆಸರು. ಗ್ಯಾರೇಜಿನಲ್ಲಿ ಬ್ರೇಕ್ ಲೈನಿಂಗ್ ಸವೆದಿದೆ ಅನ್ನುವಾಗ ಅಲ್ಲಿ ಬಟ್ಟೆಯೂ ಇಲ್ಲ, ಅಗಸಿಯಂತೂ ಮೊದಲೇ ಇಲ್ಲ. ಇದೇ ಬಳ್ಳಿಯಲ್ಲಿ ಇನ್ನೊಂದಿಷ್ಟು ಇವೆ: ಹೆಂಗಸರ ಒಳ ಉಡುಪಿಗೆ ಫ್ರೆಂಚರು ಇಟ್ಟ ಲಾಂಜರಿ, ಅಗಸಿ ಕಾಳು ತಿನ್ನುವ ಲಿನೆಟ್ ಅನ್ನೋ ಪುಟ್ಟ ಹಕ್ಕಿ, 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅಗಸಿ ಎಣ್ಣೆಯಿಂದ ಮಾಡಿದ ನೆಲಹಾಸು ಲಿನೋಲಿಯಮ್. ಅಗಸಿ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ, ಅದೇ ಅದರ ಗುಣ. ಅದಕ್ಕೇ ಪೇಂಟಿಗೆ, ಕಿಟಕಿ ಗಾಜಿನ ಲಾಂಬಿಗೆ ಬಳಸಿದರು. ಕ್ರಿಕೆಟ್ ಬ್ಯಾಟಿಗೂ ಹಚ್ಚುತ್ತಾರೆ. ಓಣಿಯ ಹುಡುಗರು ಲೈನ್ ಮುಟ್ಟಿತೋ ಇಲ್ಲವೋ ಅಂತ ಜಗಳ ಆಡುತ್ತಿದ್ದ ಬ್ಯಾಟಿಗೂ ಅಂದರೆ ಅಗಸಿ ಎಣ್ಣೆ ಬೇಕು.

ಇಷ್ಟು ಓದಿ, ಹಲವು ಅರ್ಥ ಇರುವ ಪದಕ್ಕೆಲ್ಲಾ ಒಂದೇ ಬೇರು ಇರುತ್ತದೆ ಅಂತ ತಿಳಿಯಬೇಡಿ. ಮ್ಯಾಚ್ ತೆಗೆದುಕೊಳ್ಳಿ. ಕ್ರಿಕೆಟ್ ಮ್ಯಾಚ್, ಸೀರೆಗೆ ಮ್ಯಾಚಿಂಗ್ ಜಂಪರು, ಮ್ಯಾಚ್ ಬಾಕ್ಸ್. ಮೊದಲ ಎರಡು ಒಂದೇ ಮನೆಯವು, ಹಳೆಯ ಇಂಗ್ಲಿಷಿನ ಜೋಡಿ, ಸರಿಸಮ ಅನ್ನೋ ಪದದಿಂದ ಬಂದವು. ಆಟದಲ್ಲಿ ಎದುರಾಳಿ ಸರಿಸಮ, ಜಂಪರಿನಲ್ಲಿ ಬಣ್ಣ ಸರಿಸಮ. ಕಡ್ಡಿಪೆಟ್ಟಿಗೆಯ ಮ್ಯಾಚ್ ಬೇರೆ ಊರಿನದು. ಅದು ದೀಪದ ಬತ್ತಿಗೆ ಇದ್ದ ಹಳೆಯ ಫ್ರೆಂಚ್ ಪದ. ಸದ್ದು ಸವೆದು ಸವೆದು ಎರಡೂ ಒಂದೇ ಥರ ಆದವು, ಅಷ್ಟೇ. ಒಳ್ಳೆಯ ನಿಘಂಟು ತೆರೆದರೆ ಇದು ಕಣ್ಣಿಗೇ ಕಾಣುತ್ತದೆ. ಒಂದೇ ಬೇರಿನ ಅರ್ಥಗಳನ್ನು ಒಂದೇ ಪದದ ಕೆಳಗೆ 1, 2, 3 ಅಂತ ಕೊಟ್ಟಿರುತ್ತಾರೆ. ಬೇರೆ ಬೇರಿನವಾದರೆ ಪದವನ್ನೇ ಎರಡೆರಡು ಸಲ, ಬೇರೆ ಬೇರೆ ಕಡೆ ಹಾಕಿರುತ್ತಾರೆ. ಮೊದಲನೆಯದು ಒಬ್ಬನೇ ಹಾಕಿದ ಹಲವು ವೇಷ, ಎರಡನೆಯದು ಒಂದೇ ಹೆಸರಿನ ಇಬ್ಬರು ಬಸವರಾಜರು.

ಇದಕ್ಕೆ ಇಂಗ್ಲಿಷಿನವರೆಗೆ ಹೋಗೋದೇ ಬೇಡ. ಅಗಸಿಯನ್ನೇ ನೋಡಿ. ಹಿಂಡಿಯ ಅಗಸಿ ಒಂದು. ನಮ್ಮ ಹಳ್ಳಿಗಳಲ್ಲಿ ಊರ ಬಾಗಿಲಿಗೂ ಅಗಸಿ ಅಂತೀವಿ, ಹಿರಿಯರು ಅಗಸಿ ಕಟ್ಟೆ ಮೇಲೆ ಕೂತು ಹೋಗೋ ಬರೋರನ್ನೆಲ್ಲಾ ವಿಚಾರಿಸುತ್ತಾರೆ. ಬಿಳಿಯೋ ಕೆಂಪೋ ದೊಡ್ಡ ಹೂ ಬಿಡುವ ಅಗಸೆ ಮರ ಇನ್ನೊಂದು. ಕಾಳಿಗೂ ಬಾಗಿಲಿಗೂ ನಡುವೆ ಎಷ್ಟು ದಾರ ಎಳೆದರೂ ಗಂಟು ಬೀಳಲ್ಲ. ಆದರೂ ಕಾರ ಹುಣ್ಣಿಮೆ ದಿನ ಅಲ್ಲೊಂದು ಕಾಕತಾಳೀಯ ನಡೆಯುತ್ತದೆ. ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪು, ಕೊಬ್ಬರಿ ಕಟ್ಟಿದ ಹಗ್ಗ ಬಿಗಿದಿರುತ್ತಾರೆ, ಅದೇ ಕರಿ. ಸಿಂಗರಿಸಿದ ಎತ್ತುಗಳನ್ನು ಓಡಿಸಿಕೊಂಡು ಬಂದು ಯಾರ ಎತ್ತು ಮೊದಲು ಕರಿ ಹರಿಯುತ್ತದೋ ಅವರು ಗೆದ್ದಂತೆ. ಓಟದ ಪಂದ್ಯದಲ್ಲಿ ಎದೆ ಕೊಟ್ಟು ಹರಿಯುವ ಫಿನಿಶ್ ಲೈನ್ ಇದ್ದ ಹಾಗೆ. ಬಾಗಿಲ ಅಗಸಿಯಲ್ಲಿ ಹಗ್ಗದ ಲೈನ್.

ಮಧ್ಯಾಹ್ನ ಒಂದೂವರೆಗೆ ಫ್ಯಾನ್ ತಿರುಗಿತು. ಅಷ್ಟರಲ್ಲಿ ಅವ್ವ ಬಳ್ಳೊಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಹಿಂಡಿ ಕುಟ್ಟಿ ಮುಗಿಸಿದ್ದಳು. ರೊಟ್ಟಿ ಮುರಿಯುತ್ತಾ ಇದನ್ನೆಲ್ಲಾ ಅವಳಿಗೆ ಹೇಳಿದೆ. ರೋಮ್, ಬಡಿಗೇರ, ದಾರ, ಕಂಬದ ತಂತಿ ತನಕ. ಪೂರಾ ಕೇಳಿದಳು.

"ಹಂಗಾರ ಆ ಲೈನ್‌ಮನ್ ಇನ್ನೂ ಹೊರಗ ಕಂಬದ ಹತ್ರನ ಅದಾನೇನ್ ನೋಡು. ಎರಡ್ ರೊಟ್ಟಿ, ಹಿಂಡಿ ಕೊಟ್ ಬಾ. ಅವನದ ಐತಲ್ಲ ಅದು."